ಕಿಸೆಯ ಲೆಕ್ಕ: ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವ ಮೊದಲ ಜಾದೂ

(ಬೆಳಗಾವಿಯಲ್ಲಿ ಹವ್ಯಾಸಿ ಜಾದೂಗಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ನಾಲ್ಕೈದು ಆಟ ಚೆನ್ನಾಗಿ ಬರುತ್ತವೆ. ಮನೆಯವರು ನೋಡಿದ್ದಾರೆ, ಗೆಳೆಯರು ನೋಡಿದ್ದಾರೆ, ಬೆರಗಾಗಿದ್ದಾರೆ. ಈಗ ಯಾರೋ ಪರಿಚಯದವರು "ನಮ್ಮ ಫಂಕ್ಷನ್ನಿಗೆ ಬರ್ತೀರೇನ್ರಿ? ಎಷ್ಟ ತಗೋತೀರಿ?" ಅಂತ ಕೇಳಿದ್ದಾರೆ ಎಂದುಕೊಳ್ಳಿ. ಇವತ್ತಿನ ಮಾತು ಆ ಪ್ರಶ್ನೆಯಿಂದ ಶುರು. ಯಾವ ಆಟದ ಗುಟ್ಟನ್ನೂ ಇಲ್ಲಿ ಬಿಚ್ಚುವುದಿಲ್ಲ. ಗುಟ್ಟು ಚೆನ್ನಾಗಿ ಗೊತ್ತಿದ್ದವರೂ ಮೊದಲ ದುಡ್ಡಿನ ಕೆಲಸದಲ್ಲಿ ಎಡವುತ್ತಾರೆ, ಮತ್ತು ಎಡವುವುದು ಹೆಚ್ಚಾಗಿ ಒಂದು ಟೇಬಲ್ ಬಿಟ್ಟು ಇನ್ನೊಂದಕ್ಕೆ ಹೋಗುವ ಹತ್ತು ಹೆಜ್ಜೆಗಳಲ್ಲಿ.

ವೇದಿಕೆಯ ಜಾದೂ ಕರೆಸುವವರು ಒಂದು ಕಾರ್ಯಕ್ರಮ ಕೊಳ್ಳುತ್ತಾರೆ. ದೀಪ ಆರುತ್ತದೆ, ಪರದೆ ಏಳುತ್ತದೆ, ಎಲ್ಲರೂ ಆ ಕಡೆ ನೋಡುತ್ತಾರೆ. ಟೇಬಲ್ ಜಾದೂ ಅಂದರೆ ಕೂತ ಅತಿಥಿಗಳ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಹತ್ತಿರದಲ್ಲೇ ತೋರಿಸುವ ಆಟ; ಅದನ್ನು ಕರೆಸುವವರಿಗೆ ಬೇಕಾದದ್ದು ಬೇರೆ. ಬಂದ ಮಂದಿ ಕೂತು ಬೇಸರಪಡುವ ಹೊತ್ತೊಂದು ಇರುತ್ತದಲ್ಲ, ಆ ಹೊತ್ತನ್ನು ತುಂಬಿಸಿಕೊಡಬೇಕು, ಅಷ್ಟೇ. ಆದ್ದರಿಂದ ಕೆಲಸ ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಸಮಾರಂಭದಲ್ಲಿ ಆ ಖಾಲಿ ಹೊತ್ತು ಎಲ್ಲಿದೆ, ಎಷ್ಟಿದೆ?

ನಮ್ಮ ಕಡೆಯ ಮಧ್ಯಾಹ್ನದ ಲಗ್ನದಲ್ಲಿ ಅದು ಇಲ್ಲವೆಂದೇ ಹೇಳಬೇಕು. ಪತ್ರಿಕೆಯಲ್ಲಿ ಅಕ್ಷತಾರೋಪಣ 12.35ಕ್ಕೆ ಅಂತ ಇದ್ದರೆ ಅರ್ಧ ಮಂದಿ 12.30ಕ್ಕೆ ಬರುತ್ತಾರೆ. ಅಕ್ಷತೆ ಬಿದ್ದ ಹತ್ತೇ ನಿಮಿಷಕ್ಕೆ ಎಲ್ಲರೂ ಊಟದ ಹಾಲಿನ ಬಾಗಿಲಲ್ಲಿ. ಕುರ್ಚಿಗಳು ಸಾಲಾಗಿ ವೇದಿಕೆಯ ಕಡೆ ಮುಖ ಮಾಡಿರುತ್ತವೆ, ಟೇಬಲ್ಲುಗಳೇ ಇರುವುದಿಲ್ಲ. ಇಂಥ ಕಡೆ ಮೊದಲ ಕೆಲಸ ಒಪ್ಪಬೇಡಿ. ಸಂಜೆಯ ಆರತಕ್ಷತೆ, ಹೋಟೆಲಿನಲ್ಲಿ ಇಟ್ಟುಕೊಂಡ ಎಂಗೇಜ್‌ಮೆಂಟು, ಮಗುವಿನ ಮೊದಲ ಹುಟ್ಟುಹಬ್ಬ, ಉದ್ಯಮಬಾಗದ ಕಾರ್ಖಾನೆಗಳು ಮನೆಮಂದಿಯನ್ನೂ ಕರೆದು ಮಾಡುವ ವಾರ್ಷಿಕ ಕೂಟ, ಇವು ಅನುಕೂಲ. ದುಂಡು ಟೇಬಲ್ಲು, ಸುತ್ತ ಎಂಟು ಕುರ್ಚಿ, ಬಂದವರು ಕೂತಿರುತ್ತಾರೆ, ಊಟ ಇನ್ನೂ ತೆರೆದಿರುವುದಿಲ್ಲ. ಶನಿವಾರ-ರವಿವಾರದ ಸಂಜೆ ಹೋಟೆಲಿನ ಫ್ಯಾಮಿಲಿ ವಿಭಾಗವೂ ಒಳ್ಳೆಯದೇ: ಆರ್ಡರ್ ಕೊಟ್ಟ ಮೇಲೆ ತಟ್ಟೆ ಬರುವವರೆಗೆ ಸಿಗುವ ಹೊತ್ತು ನಿಮ್ಮದು.

ಊಟ ಬಂತೆಂದರೆ ನಿಮ್ಮ ಕೆಲಸ ಮುಗಿಯಿತು. ಪರದೇಶದ ಜಾದೂಗಾರರು ಬರೆದದ್ದನ್ನು ಓದಿ ಕಲಿತವರು ಇಲ್ಲಿ ಮೋಸಹೋಗುತ್ತಾರೆ. ಅಲ್ಲಿಯವರು ಚಮಚ ಬದಿಗಿಟ್ಟು ಇಸ್ಪೀಟಿನ ಎಲೆ ತೆಗೆದುಕೊಳ್ಳಬಲ್ಲರು. ನಮ್ಮವರ ಬಲಗೈಯಲ್ಲಿ ಎಣಗಾಯಿಯ ಎಣ್ಣೆ ಇರುತ್ತದೆ. ಒಂದೇ ಒಂದು ಬೆರಳಿನ ಗುರುತು ಬಿದ್ದರೆ ಆ ಎಲೆ ಉಳಿದ ರಾತ್ರಿಯೆಲ್ಲ ಗುರುತಿನ ಎಲೆಯೇ. ಕೈ ತೊಳೆದು ಬಂದವರ ಕೈ ಒದ್ದೆ, ಅದೂ ಅಷ್ಟೇ ಕೆಟ್ಟದ್ದು. ಬಫೆ ಆದರಂತೂ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ತಟ್ಟೆಯಲ್ಲಿ. ಹಿಡಿದುಕೊಳ್ಳಿ ಅಂತ ಏನನ್ನು ಕೊಡುತ್ತೀರಿ?

ಇನ್ನು ಲೆಕ್ಕ. 180 ಜನ ಬರುತ್ತಾರೆ ಅಂದರು, ಎಂಟೆಂಟು ಮಂದಿಯ ಟೇಬಲ್ಲು. ಅಂದರೆ 23 ಟೇಬಲ್ಲು. ಮಂದಿ 7.15ಕ್ಕೆ ಕೂರಲು ಶುರುಮಾಡಿ 8.30ಕ್ಕೆ ಊಟ ತೆರೆದರೆ ನಿಮಗೆ ಸಿಗುವುದು 75 ನಿಮಿಷ. ಒಂದು ಟೇಬಲ್ಲಿಗೆ ಐದು ನಿಮಿಷ ಆಟ. ಮುಂದಿನದಕ್ಕೆ ನಡೆಯುವುದು, ಸಾಮಾನು ಸರಿಮಾಡಿಕೊಳ್ಳುವುದು, ನಮಸ್ಕಾರ ಹೇಳುವುದು ಎರಡು ನಿಮಿಷ. 75ನ್ನು 7ರಿಂದ ಭಾಗಿಸಿದರೆ ಹತ್ತೇ ಟೇಬಲ್ಲು. ಹದಿಮೂರು ಟೇಬಲ್ಲು ನಿಮ್ಮನ್ನು ದೂರದಿಂದ ನೋಡಿ ಮನೆಗೆ ಹೋಗುತ್ತವೆ. ಅದರಲ್ಲಿ ಒಂದು ಬೀಗರದ್ದಾಗಿದ್ದರೆ ಮರುದಿನ ಮಾತು ಬರುವುದು ನಿಮ್ಮನ್ನು ಕರೆಸಿದವರಿಗೆ.

ಈ ಲೆಕ್ಕವನ್ನು ಒಪ್ಪಂದದ ದಿನವೇ ಯಜಮಾನರ ಮುಂದೆ ಇಡಿ. ಹತ್ತು ಟೇಬಲ್ಲು ಸಾಕು, ಯಾವ ಹತ್ತು ಅಂತ ನೀವೇ ಹೇಳಿ ಅನ್ನಬಹುದು. ಎರಡೇ ಆಟದ ಮೂರು ನಿಮಿಷದ ಸರಣಿ ಮಾಡಿಕೊಂಡು, ನಡೆಯಲು ಒಂದೂವರೆ ನಿಮಿಷ ಹಿಡಿದರೆ ಹದಿನಾರಕ್ಕೆ ಮುಟ್ಟುತ್ತೀರಿ, ಆದರೆ ಮೊದಲ ಸಲದವರು ಈ ವೇಗ ಹಿಡಿಯುವುದು ಕಷ್ಟ. 23ಕ್ಕೂ ಹೋಗಲೇಬೇಕು ಅಂದರೆ ಇಬ್ಬರು ಜಾದೂಗಾರರು ಬೇಕು, ದುಡ್ಡೂ ಇಬ್ಬರದು. ಎಲ್ಲ ಟೇಬಲ್ಲಿಗೂ ಹೋಗಿಬರ್ತೀನಿ ಬಿಡ್ರಿ ಅಂತ ಹುರುಪಿನಲ್ಲಿ ಹೇಳಿದ ಮಾತು ಆಮೇಲೆ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಒಪ್ಪಂದಕ್ಕೆ ಛಾಪಾ ಕಾಗದವೇನೂ ಬೇಡ. ವಾಟ್ಸ್ಯಾಪಿನಲ್ಲಿ ಒಂದು ಸಂದೇಶ ಬರೆದು, "ಹೌದು" ಅನ್ನುವ ಉತ್ತರ ಬರಿಸಿಕೊಳ್ಳಿ. ದಿನಾಂಕ, ಹಾಲಿನ ಹೆಸರು, ಶುರುವಾಗುವ ಮತ್ತು ಮುಗಿಯುವ ಗಂಟೆ, ಎಷ್ಟು ಟೇಬಲ್ಲು, ಒಟ್ಟು ಹಣ, ಅರ್ಧ ಮುಂಗಡ ಎಂದು, ಬಾಕಿ ಯಾರ ಕೈಯಿಂದ. ಕೊನೆಯದನ್ನು ಮರೆಯುವವರು ಬಹಳ. ಸಮಾರಂಭ ಮುಗಿದ ಮೇಲೆ ವರನ ತಂದೆಯನ್ನು ಹುಡುಕಿ, ಛತ್ರದ ಬಿಲ್ಲು, ಹೂವಿನವನ ಬಿಲ್ಲುಗಳ ನಡುವೆ ನಿಂತು ದುಡ್ಡು ಕೇಳುವುದು ಇಬ್ಬರಿಗೂ ಮುಜುಗರ. ಮನೆಯ ಒಬ್ಬ ತಮ್ಮನನ್ನೋ ಮಾವನನ್ನೋ ಗೊತ್ತುಮಾಡಿಸಿ, ಬಾಕಿಯನ್ನು ಆಟ ಶುರುವಾಗುವ ಮೊದಲೇ ಫೋನಿನಲ್ಲಿ ಹಾಕಿಸಿಕೊಳ್ಳಿ. ಊರ ಹೊರಗಾದರೆ, ಗೋಕಾಕ, ಚಿಕ್ಕೋಡಿ, ಖಾನಾಪುರ ಎಲ್ಲೇ ಇರಲಿ, ಹೋಗಿಬರುವ ಖರ್ಚನ್ನು ಬೇರೆಯಾಗಿ ಬರೆಯಿರಿ. ರಾತ್ರಿ ಹತ್ತರ ಮೇಲೆ ಬಸ್ಸು ಇಲ್ಲದ ಕಡೆ ಗಾಡಿ ಬಾಡಿಗೆ ನಿಮ್ಮ ಸಂಭಾವನೆಯನ್ನೇ ತಿಂದುಬಿಡುತ್ತದೆ. ಕಂಪನಿಯ ಕೆಲಸವಾದರೆ ಬಿಲ್ಲು, ಪ್ಯಾನ್ ಸಂಖ್ಯೆ ಕೇಳುತ್ತಾರೆ, ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಮುರಿದುಕೊಳ್ಳಲೂಬಹುದು. ಅದು ಕಳೆದುಹೋದ ದುಡ್ಡಲ್ಲ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಜಿಎಸ್‌ಟಿ ನೋಂದಣಿಯ ಚಿಂತೆ ಈಗ ಬೇಡ. ಸೇವೆಗಳಿಗೆ ಅದರ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ, ಮೊದಲ ಟೇಬಲ್ಲಿನಿಂದ ಅದು ಬಹಳ ದೂರ.

ಈಗ ಆಟಗಳ ಆಯ್ಕೆಗೆ ಬರೋಣ. ನಿಮಗೆ ಇಷ್ಟವಾದ ಆಟವನ್ನು ಪಕ್ಕಕ್ಕಿಟ್ಟು ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ. ಮುಗಿದ ಮೇಲೆ ಇಪ್ಪತ್ತು ಸೆಕೆಂಡಿನೊಳಗೆ, ನಡೆಯುತ್ತಲೇ, ಯಾರ ಕಣ್ಣಿಗೂ ಬೀಳದೆ ಮತ್ತೆ ಮೊದಲಿನ ಸ್ಥಿತಿಗೆ ತರಬಹುದೇ? ಟೇಬಲ್ಲಿನ ಮೇಲೆ ಒಂದು ಅಂಗೈಯಷ್ಟೂ ಜಾಗ ಇಲ್ಲದಿದ್ದರೂ ಮಾಡಬಹುದೇ? ಹಿಂದೆ ಒಬ್ಬ ಹುಡುಗ ನಿಂತಿದ್ದರೂ ನಡೆಯುತ್ತದೆಯೇ? ಮೂರರಲ್ಲಿ ಒಂದಕ್ಕೆ "ಇಲ್ಲ" ಬಂದರೂ ಆ ಆಟ ಮನೆಯಲ್ಲಿರಲಿ. ಗುರುಗಳು ಮೆಚ್ಚಿದ, ತಿಂಗಳುಗಟ್ಟಲೆ ಸಾಧನೆ ಮಾಡಿದ ಎಷ್ಟೋ ಆಟಗಳು ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ. ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಕು.

ಎರಡನೆಯ ಪ್ರಶ್ನೆ ಯಾಕೆಂದರೆ ಹಾಲಿನ ಟೇಬಲ್ಲು ನಿಮ್ಮ ಮನೆಯ ಟೇಬಲ್ಲಲ್ಲ. ಮೇಲೆ ಸ್ಯಾಟಿನ್ ಹೊದಿಕೆ, ನಾಣ್ಯ ಇಟ್ಟರೆ ಜಾರುತ್ತದೆ, ಎಲೆ ಇಟ್ಟರೆ ಎತ್ತಲು ಬರುವುದಿಲ್ಲ. ನಡುವೆ ಹೂವಿನ ಕುಂಡ, ಸುತ್ತ ನೀರಿನ ಬಾಟಲಿ, ಯಾರದೋ ಪರ್ಸು, ಮಗುವಿನ ಟೊಪ್ಪಿಗೆ. ನೋಡುವವರ ಅಂಗೈಯೇ ನಿಮ್ಮ ಟೇಬಲ್ಲು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಪೀಡೆ ಇಲ್ಲ.

ಮೂರನೆಯದು ಕೋನದ ಮಾತು, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂತೆಯಲ್ಲಿ ಗಾರುಡಿ ಆಟ ನೋಡಿದ್ದೀರಿ. ಗಾರುಡಿಗ ನೆಲದ ಮೇಲೆ ಕೂತಿರುತ್ತಾನೆ, ಮಂದಿ ಸುತ್ತ ನಿಂತು ಮೇಲಿನಿಂದ ಕೆಳಗೆ ನೋಡುತ್ತಾರೆ. ಮೇಲೆ ಗುಂಡನೆಯ ಹಿಡಿಯಿರುವ ಮೂರು ಬಟ್ಟಲು, ಅವುಗಳ ಕೆಳಗೆ ಮಾಯವಾಗುವ ಗುಂಡು, ಆ ಪುರಾತನ ಆಟದ ಕೈಚಳಕವೆಲ್ಲ ಮೇಲಿನಿಂದ ಬೀಳುವ ನೋಟಕ್ಕೆ ಹೊಂದಿಕೊಂಡು ಬೆಳೆದದ್ದು. ಟೇಬಲ್ ಜಾದೂದಲ್ಲಿ ಇದೆಲ್ಲ ತಲೆಕೆಳಗು. ನೀವು ನಿಂತಿದ್ದೀರಿ, ಅವರು ಕೂತಿದ್ದಾರೆ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಮಕ್ಕಳದು ಇನ್ನೂ ಕೆಳಗೆ. ನೀವು ಎದೆಯ ಮಟ್ಟದಲ್ಲಿ ಕೈ ಆಡಿಸಿದರೆ ಅವರಿಗೆ ಕಾಣುವುದು ನಿಮ್ಮ ಕೈಯ ಕೆಳಭಾಗ. ಅಂಗೈಯಲ್ಲಿ ಅಡಗಿಸಿದ ಎಲೆಯ ಅಂಚು ಕನ್ನಡಿಯ ಮುಂದೆ ನಿಂತು ಸಾಧನೆ ಮಾಡಿದವರಿಗೆ ಒಮ್ಮೆಯೂ ಕಂಡಿರುವುದಿಲ್ಲ, ಯಾಕೆಂದರೆ ಕನ್ನಡಿ ನಿಮ್ಮ ಕಣ್ಣಿನ ಎತ್ತರದಲ್ಲೇ ಇದೆ.

ಪರಿಹಾರ ಸುಲಭ. ಕುರ್ಚಿಯ ಬೆನ್ನಿಗೆ ಫೋನ್ ಒರಗಿಸಿ ನಾಲ್ಕು ಅಡಿ ಎತ್ತರದಿಂದ ವಿಡಿಯೋ ಮಾಡಿ. ಒಂದು ಸಲ ಎದುರಿನಿಂದ, ಒಂದು ಸಲ ನಿಮ್ಮ ಎಡಬದಿಯ ಕುರ್ಚಿಯಿಂದ, ಒಂದು ಸಲ ಬಲಬದಿಯಿಂದ, ಒಂದು ಸಲ ಬೆನ್ನ ಹಿಂದಿನಿಂದ. ನಾಲ್ಕರಲ್ಲೂ ಉಳಿದುಕೊಳ್ಳುವ ಆಟವೇ ಟೇಬಲ್ಲಿಗೆ ಯೋಗ್ಯ. ಬದಿಯಲ್ಲಿ ಮಾತ್ರ ಸಿಕ್ಕಿಬೀಳುವುದಾದರೆ ನಿಲ್ಲುವ ಜಾಗ ಬದಲಿಸಿ ಸರಿಮಾಡಬಹುದು: ಎರಡು ಕುರ್ಚಿಗಳ ನಡುವೆ ತೂರಿಕೊಳ್ಳದೆ ಒಂದು ಹೆಜ್ಜೆ ಹಿಂದೆ ನಿಂತರೆ ಎಂಟೂ ಜನ ಮುಂದಿರುತ್ತಾರೆ.

ಸರಣಿಯಲ್ಲಿ ಮೂರು ಆಟ ಸಾಕು. ಮೊದಲನೆಯದು ಅರ್ಧ ನಿಮಿಷದ್ದು, ಮಾತಿಲ್ಲದೆಯೂ ಅರ್ಥವಾಗುವಂಥದ್ದು. ಡಿಜೆ ಹಚ್ಚಿದ ಹಾಲಿನಲ್ಲಿ ನಿಮ್ಮ ಕಥೆ ಯಾರಿಗೂ ಕೇಳಿಸುವುದಿಲ್ಲ. ಎರಡು ರಬ್ಬರ್ ಬ್ಯಾಂಡು ಒಂದರೊಳಗೊಂದು ತೂರಿ ಹೊರಬರುವ ಆಟ ಇದಕ್ಕೆ ಹೇಳಿಮಾಡಿಸಿದ್ದು: ಎಡ ಮುಂಗೈಗೆ ಹಾಕಿಕೊಂಡರೆ ಕಿಸೆಗೇ ಕೈ ಹಾಕಬೇಕಿಲ್ಲ. ಅಂಗಡಿಯ ಅಗ್ಗದ ಬ್ಯಾಂಡು ಬಿಸಿಲಿಗೆ ಒಣಗಿ ಹಿಗ್ಗಿಸಿದೊಡನೆ ತುಂಡಾಗುತ್ತದೆ. ಹೊಸ ಪೊಟ್ಟಣ ತಂದು, ಪ್ರತಿಯೊಂದನ್ನೂ ಎಳೆದು ನೋಡಿ, ಇಪ್ಪತ್ತು ಆರಿಸಿಕೊಳ್ಳಿ. ಎರಡನೆಯ ಆಟದಲ್ಲಿ ಟೇಬಲ್ಲಿನ ಒಬ್ಬರು ಪಾಲುಗೊಳ್ಳಬೇಕು, ಎಲೆಯ ಮೇಲೆ ಸಹಿ ಹಾಕುವುದೋ, ನಾಣ್ಯ ಮುಷ್ಟಿಯಲ್ಲಿ ಹಿಡಿಯುವುದೋ. ಮೂರನೆಯದು ಅವರ ಕೈಯಲ್ಲೇ ಮುಗಿಯಬೇಕು. ಸ್ಪಂಜಿನ ಚೆಂಡುಗಳನ್ನು ಎಳಸು ಆಟ ಅನ್ನುವವರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಅಜ್ಜಿಯ ಮುಷ್ಟಿ ಬಿಚ್ಚಿದಾಗ ಒಂದಿದ್ದ ಚೆಂಡು ಎರಡಾದರೆ ಪಕ್ಕದ ಮೂರು ಟೇಬಲ್ಲು ತಿರುಗಿ ನೋಡುತ್ತವೆ, ನಿಮ್ಮ ಮುಂದಿನ ಟೇಬಲ್ಲಿನ ಸ್ವಾಗತ ಅಲ್ಲೇ ತಯಾರು.

ಇಸ್ಪೀಟಿನ ಕಟ್ಟನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಡಿ. ನಮ್ಮ ಕಡೆ ಹಿರಿಯರ ಕಣ್ಣಿಗೆ ಇಸ್ಪೀಟು ಎಂದರೆ ದೀಪಾವಳಿಯ ಜೂಜು, ಪೊಲೀಸರ ದಾಳಿ. "ಏನಪಾ, ಮಂಗಲಕಾರ್ಯದಾಗ ಇಸ್ಪೀಟ ತಗದಿ?" ಅಂತ ಒಬ್ಬ ಅಜ್ಜಾರು ಅಂದುಬಿಟ್ಟರೆ ಆ ಟೇಬಲ್ಲು ಮುಗಿದ ಹಾಗೆ. ಬ್ಯಾಂಡಿನಿಂದ ಶುರುಮಾಡಿ, ಅವರ ಮುಖದಲ್ಲಿ ನಗು ಬಂದ ಮೇಲೆ ಎಲೆ ತೆಗೆಯಿರಿ. ದೇವಸ್ಥಾನಕ್ಕೆ ಸೇರಿದ ಕಲ್ಯಾಣ ಮಂಟಪವಾದರೆ ಎಲೆಯೇ ಬೇಡ. ನಾಣ್ಯ, ಬ್ಯಾಂಡು, ಚೆಂಡುಗಳ ಸರಣಿ ಕಟ್ಟಿ.

ಸಹಿಯ ಎಲೆಗೆ ಬೇರೊಂದು ಲೆಕ್ಕವಿದೆ. ಸಹಿ ಹಾಕಿದ ಎಲೆಯನ್ನು ನೆನಪಿಗೆ ಕೊಡುತ್ತೀರಿ ಎಂದರೆ ಟೇಬಲ್ಲಿಗೊಂದು ಎಲೆ ಹೋಯಿತು. ಆರು ಟೇಬಲ್ಲಿಗೆ 52ರಲ್ಲಿ 46 ಉಳಿದವು. ಕಟ್ಟು ಕೈಗೆ ತೆಳುವಾಗುತ್ತದೆ, ಯಾರಾದರೂ ಹೆಸರು ಹೇಳಿ ಕೇಳಿದ ಎಲೆ ಅದರಲ್ಲಿ ಇಲ್ಲದಿರಬಹುದು. ಹಿಂಬದಿ ಒಂದೇ ಬಣ್ಣದ ಎರಡು ಕಟ್ಟು ತಂದು, ಐದಾರು ಟೇಬಲ್ಲಿಗೊಮ್ಮೆ ಬದಲಿಸಿ. ಹೊಸ ಕಟ್ಟನ್ನು ಅದೇ ದಿನ ಬಿಚ್ಚಬೇಡಿ, ವಿಪರೀತ ಜಾರುತ್ತದೆ. ಎರಡು ದಿನ ಮುಂಚೆ ಕಲಸಿ ಕಲಸಿ ಹದಮಾಡಿಕೊಳ್ಳಿ. ಬೆಳಗಾವಿಯ ಮಳೆಗಾಲದಲ್ಲಿ ಎಲೆಗಳು ತೇವ ಹೀರಿ ಉಬ್ಬಿ ಒಂದಕ್ಕೊಂದು ಅಂಟುತ್ತವೆ. ಔಷಧಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪುಟ್ಟ ಚೀಲವನ್ನು ಎಲೆಗಳ ಜೊತೆ ಜಿಪ್ ಪೊಟ್ಟಣದಲ್ಲಿ ಹಾಕಿಡಿ. ಚಳಿಗಾಲದಲ್ಲಿ ತೊಂದರೆ ಬೇರೆ: ಬೆರಳು ಒಣಗಿ ಎಲೆಗಳು ಹಿಡಿತಕ್ಕೆ ಬರುವುದಿಲ್ಲ. ಆಟಕ್ಕೆ ಅರ್ಧ ಗಂಟೆ ಮೊದಲು ಕೈಗೆ ಸ್ವಲ್ಪವೇ ಲೋಷನ್ ಹಚ್ಚಿ ಒರೆಸಿದರೆ ಸಾಕು. ಸಹಿಯ ಪೆನ್ನು ಎರಡಿರಲಿ. ನುಣುಪು ಎಲೆಯ ಮೇಲೆ ಮಸಿ ಆರಲು ಕೆಲವು ಸೆಕೆಂಡು ಬೇಕು. "ಒಮ್ಮಿ ಉಫ್ ಅನ್ರಿ" ಅಂತ ಸಹಿ ಹಾಕಿದವರಿಂದಲೇ ಊದಿಸಿದರೆ ಆರುವ ಹೊತ್ತೂ ಆಟದ ಭಾಗವಾಗುತ್ತದೆ. ಮಸಿ ಆರುವ ಮುಂಚೆ ಕಟ್ಟಿಗೆ ಸೇರಿಸಿದರೆ ಸಹಿ ಪಕ್ಕದ ಎಲೆಗೂ ಅಂಟಿ ಎರಡೂ ಹಾಳು.

ನಾಣ್ಯದ ಆಟ ಮಾಡುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಕಲಿಸುವ ಹೆಚ್ಚಿನ ಆಟಗಳು ಅವರ ಅರ್ಧ ಡಾಲರಿನ ಅಳತೆಯವು, 30.6 ಮಿಲಿಮೀಟರ್ ಅಗಲ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಮೂರೂವರೆ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಅಂಗೈಯ ಹಿಡಿತ ಮಾತ್ರ ಆ ವ್ಯತ್ಯಾಸವನ್ನು ಕ್ಷಮಿಸುವುದಿಲ್ಲ, ನಾಣ್ಯ ಜಾರಿ ಬೀಳುತ್ತದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಹೆಚ್ಚುಕಡಿಮೆ ಅರ್ಧ ಡಾಲರಿನಷ್ಟೇ ಅಗಲ, ತೂಕ 11.66 ಗ್ರಾಂ. ಲಕ್ಷ್ಮೀಪೂಜೆಗೆಂದು ಇಟ್ಟ ಇಂಥವು ಎಷ್ಟೋ ಮನೆಗಳಲ್ಲಿ ಇವೆ, ನೋಡಿದವರು ಮಾತಿಗೂ ಶುರುಮಾಡುತ್ತಾರೆ. ನಿಮ್ಮದೇ ನಾಲ್ಕು ಇದ್ದರೆ ಒಳ್ಳೆಯದು. ಬೇರೆಯವರ ದೇವರ ಕೋಣೆಯದನ್ನು ಕಡ ತರಬೇಡಿ.

ಕಡದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ: ಲಗ್ನದ ಮನೆಯಲ್ಲಿ ಉಂಗುರ, ತಾಳಿ, ಬಳೆ ಯಾವುದನ್ನೂ ಆಟಕ್ಕೆ ಕೇಳಬೇಡಿ. ನಿಮ್ಮ ಕೈ ಎಷ್ಟೇ ನಿಖರವಾಗಿರಲಿ, ಬಂಗಾರ ಮಾಯವಾದ ಆ ಐದು ಸೆಕೆಂಡು ಯಾರಿಗೂ ಖುಷಿಯಿರುವುದಿಲ್ಲ. ನೋಟನ್ನು ಕೇಳುವ ಆಟಕ್ಕೆ ಈಗ ಬೇರೆಯೇ ಕುತ್ತು ಬಂದಿದೆ. ಫೋನಿನಲ್ಲಿ ದುಡ್ಡು ಕೊಡುವ ಕಾಲದಲ್ಲಿ ಎಂಟು ಮಂದಿಯ ಟೇಬಲ್ಲಿನಲ್ಲಿ ಒಂದು ನೋಟೂ ಸಿಗದೆ ಹೋಗಬಹುದು. ಸಿಕ್ಕರೂ ನೂರರದು 142 ಮಿಲಿಮೀಟರ್ ಉದ್ದ, ಐದುನೂರರದು 150. ಒಂದಕ್ಕೆ ರೂಢಿಯಾದ ಮಡಿಕೆ ಇನ್ನೊಂದಕ್ಕೆ ಕೂಡುವುದಿಲ್ಲ. ನೋಟಿನ ಮೇಲೆ ಸಹಿ ಹಾಕಿಸುವುದಂತೂ ಬೇಡವೇ ಬೇಡ, ಬರೆಯಬೇಡಿ ಎಂದು ರಿಸರ್ವ್ ಬ್ಯಾಂಕು ಕೇಳಿಕೊಳ್ಳುತ್ತಲೇ ಇದೆ. ಬೆಂಕಿ ಹೊತ್ತಿ ಮಾಯವಾಗುವ ಕಾಗದವನ್ನೂ ಮನೆಯಲ್ಲಿ ಬಿಟ್ಟು ಬನ್ನಿ. ಸುತ್ತ ಪೆಂಡಾಲಿನ ಬಟ್ಟೆ, ರೇಷ್ಮೆ ಸೀರೆ.

ಪಕ್ಕಪಕ್ಕದ ಟೇಬಲ್ಲಿನವರು ನಿಮ್ಮ ಆಟವನ್ನು ಎರಡು ಸಲ ನೋಡುತ್ತಾರೆ, ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ. ಯಾವ ಆಟವನ್ನೇ ಆಗಲಿ ಮೂರು ಸಲ ತೋರಿಸಿದರೆ ಹೇಗೆಂದು ಹೇಳಬಲ್ಲೆ ಎನ್ನುತ್ತಿದ್ದ ಅಮೆರಿಕದ ಹೆಸರಾಂತ ಜಾದೂಗಾರ ಹೂಡಿನಿಯನ್ನು 1922ರಲ್ಲಿ ಶಿಕಾಗೋದಲ್ಲಿ ಕೆನಡಾ ಮೂಲದ ಜಾದೂಗಾರ ಡಾಯ್ ವರ್ನನ್ ಒಂದೇ ಇಸ್ಪೀಟಿನ ಆಟವನ್ನು ಮತ್ತೆ ಮತ್ತೆ ತೋರಿಸಿ ಸೋಲಿಸಿದ. ಜಾದೂ ಚರಿತ್ರೆಯಲ್ಲಿ ಇದು ದೊಡ್ಡ ಕಥೆಯಾಗಿ ಉಳಿದದ್ದೇ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ ಎಂಬ ಕಾರಣಕ್ಕೆ. ಅದಕ್ಕೇ ಎರಡು ಸರಣಿ ಬೇಕು. ಮೊದಲ ಟೇಬಲ್ಲಿಗೆ ಒಂದು, ಪಕ್ಕದ್ದಕ್ಕೆ ಇನ್ನೊಂದು, ಮೂರನೆಯದಕ್ಕೆ ಮತ್ತೆ ಮೊದಲನೆಯದು. ಎರಡರಲ್ಲೂ ಚೆಂಡಿನ ಆಟವೇ ಕೊನೆಯದಾದರೆ ತಪ್ಪಿಲ್ಲ. ಒಟ್ಟು ಐದು ಆಟ, ಅದಕ್ಕಿಂತ ಹೆಚ್ಚು ಕಿಸೆಗೆ ಹಿಡಿಯುವುದೂ ಇಲ್ಲ.

ಶೀರ್ಷಿಕೆಯ ಕಿಸೆಗೆ ಈಗ ಬಂದೆವು. ಕೋಟು ಹಾಕಿಕೊಳ್ಳುವುದಾದರೆ ಸರಿ; ಸೆಖೆಗೆ ನೆಹರೂ ಜಾಕೀಟು ಇನ್ನೂ ಅನುಕೂಲ, ಲಗ್ನಕ್ಕೆ ಒಪ್ಪುತ್ತದೆ. ದರ್ಜಿಯ ಕಡೆ ಹೋಗಿ ಪಕ್ಕದ ಕಿಸೆಗಳನ್ನು ಮುಂಗೈ ಮುಳುಗುವಷ್ಟು ಆಳ ಮಾಡಿಸಿ, ಒಳಗೆ ಮೆತ್ತನೆಯ ಹತ್ತಿ ಅಸ್ತರಿ ಹಾಕಿಸಿ. ನೈಲಾನ್ ಅಸ್ತರಿ ಕೈ ಹಾಕಿದಾಗ ಕರಕರ ಅನ್ನುತ್ತದೆ. ಒಂದು ಹಂಚಿಕೆ ಹೀಗಿರಬಹುದು: ಜಾಕೀಟಿನ ಎಡಗಿಸೆಯಲ್ಲಿ ಇಸ್ಪೀಟು, ಬಲಗಿಸೆಯಲ್ಲಿ ಚೆಂಡು, ಪ್ಯಾಂಟಿನ ಎಡಗಿಸೆಯಲ್ಲಿ ನಾಣ್ಯ, ಒಳಗಿಸೆಯಲ್ಲಿ ಪೆನ್ನು ಮತ್ತು ಮಿಕ್ಕ ಬ್ಯಾಂಡು, ಹಿಂಗಿಸೆಯಲ್ಲಿ ಎರಡನೆಯ ಕಟ್ಟು. ಪ್ಯಾಂಟಿನ ಬಲಗಿಸೆ ಖಾಲಿ. ಅದು ಖಾಲಿಯೇ ಇರಬೇಕು. ಎಲೆ ಬಗ್ಗಿತು, ಬ್ಯಾಂಡು ಹರಿಯಿತು, ಯಾರೋ ಕೈಗೆ ಕಾಗದದ ಚೂರು ಕೊಟ್ಟರು, ಎಲ್ಲ ಅಲ್ಲಿಗೆ. ಆ ಕಿಸೆ ಇಲ್ಲದವರು ಹರಿದ ಬ್ಯಾಂಡನ್ನು ಚೆಂಡಿನ ಕಿಸೆಗೆ ತುರುಕಿ, ಮುಂದಿನ ಟೇಬಲ್ಲಿನಲ್ಲಿ ಚೆಂಡಿನ ಜೊತೆ ಹೊರಗೆ ಎಳೆಯುತ್ತಾರೆ. ಫೋನು, ಕೀಲಿ, ಪಾಕೀಟು ಮೈಮೇಲೆ ಇರಲೇಬಾರದು. ಹಾಲಿನ ಮ್ಯಾನೇಜರರ ಕೋಣೆಯಲ್ಲಿ ಚೀಲದೊಳಗೆ ಇಡಿ.

ಸಾಧನೆಯಲ್ಲೂ ಕಿಸೆಯೇ ಮುಖ್ಯ. ಒಂದೊಂದೇ ಆಟವನ್ನು ನೂರು ಸಲ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದೇ ಬಟ್ಟೆ ಹಾಕಿಕೊಂಡು, ಗಡಿಯಾರ ಹಚ್ಚಿ, ಪೂರ್ತಿ ಸರಣಿಯನ್ನು ಹತ್ತು ಸಲ ನಿಲ್ಲಿಸದೆ ಮಾಡಿ. ಪ್ರತಿ ಸಲವೂ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತ ಸಾಮಾನು ಸರಿಮಾಡಿಕೊಳ್ಳಿ. ಮೊದಲ ಮೂರು ಸಲ ಎಲ್ಲ ಸರಿಯಿರುತ್ತದೆ. ಐದನೆಯ ಸಲದ ಹೊತ್ತಿಗೆ ನಾಣ್ಯವೊಂದು ಎಡಕ್ಕಿರುವ ಬದಲು ಬಲಕ್ಕಿರುತ್ತದೆ, ಚೆಂಡು ಒಂದು ಕಡಿಮೆ. ಆ ತಪ್ಪು ಎಲ್ಲಿ ಹುಟ್ಟಿತು ಎಂದು ಹಿಂದಕ್ಕೆ ಹೋಗಿ ಹುಡುಕಿ. ಹೆಚ್ಚಾಗಿ ಆಟದ ಕೊನೆಯಲ್ಲಿ ಚಪ್ಪಾಳೆ ಬೀಳುವಾಗ, ಕೈ ತನಗೆ ಹತ್ತಿರದ ಕಿಸೆಗೆ ತಾನೇ ಹೋಗಿರುತ್ತದೆ. ಇದಾದ ಮೇಲೆ ದುಡ್ಡಿಲ್ಲದೆ ಎರಡು ಮೂರು ಕಡೆ ಆಡಿ, ಹಾಸ್ಟೆಲ್ಲಿನ ಮೆಸ್ಸು, ಸಂಬಂಧಿಕರ ಹುಟ್ಟುಹಬ್ಬ. ಒಟ್ಟು ಮೂವತ್ತು ಟೇಬಲ್ಲಾದರೂ ಆದ ಮೇಲೆ ದುಡ್ಡು ಹಿಡಿಯುವುದು ಸರಿ ಎಂಬುದು ನಮ್ಮ ಅಂದಾಜು.

ಆ ದಿನ ಒಂದು ಗಂಟೆ ಮುಂಚೆ ಹೋಗಿ. ಮೊದಲು ನೋಡಬೇಕಾದವರು ಯಜಮಾನರಲ್ಲ, ಅಡುಗೆಯ ಕಂತ್ರಾಟುದಾರರು ಮತ್ತು ಬಡಿಸುವವರ ಮುಖಂಡರು. ಸ್ಟಾರ್ಟರ್ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ ಕೇಳಿಕೊಳ್ಳಿ. ಬಿಸಿ ತಟ್ಟೆ ಹಿಡಿದ ಹುಡುಗ ನಿಮ್ಮ ಹಿಂದೆ ನಿಂತು ಕಾಯುವಂತಾದರೆ ಅವರು ಒಂದು ಸಲ ಸುಮ್ಮನಿರುತ್ತಾರೆ, ಎರಡನೆಯ ಸಲ ನಿಮ್ಮ ಆಟದ ನಡುವೆಯೇ ತಟ್ಟೆ ಇಳಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ತಟ್ಟೆ ಬಂತೆಂದರೆ ನೀವೇ ಒಂದು ಹೆಜ್ಜೆ ಸರಿದು "ಮೊದಲ ತಿನ್ರಿ, ಇದೇನ ಆರೂದಿಲ್ಲ" ಅಂದುಬಿಡಿ. ಬಡಿಸುವವರು ಮಿತ್ರರಾದರೆ ಯಾವ ಟೇಬಲ್ಲು ಬೇಸರದಲ್ಲಿದೆ ಎಂದು ಅವರೇ ಬಂದು ಹೇಳುತ್ತಾರೆ.

ಟೇಬಲ್ಲಿನ ಹತ್ತಿರ ಹೋಗುವುದು ಹೇಗೆ? "ಜಾದೂ ನೋಡ್ತೀರೇನ್ರಿ?" ಅನ್ನುವುದು ಕೆಟ್ಟ ಆರಂಭ, "ಬ್ಯಾಡ್ರಿ" ಅನ್ನುವುದು ತೀರ ಸುಲಭವಾಗುತ್ತದೆ, ಏನೋ ಮಾರಲು ಬಂದವರಂತೆಯೂ ಕಾಣುತ್ತದೆ. ಕರೆಸಿದವರ ಹೆಸರಿನಿಂದ ಶುರುಮಾಡಿ: "ನಮಸ್ಕಾರ್ರೀ, ಪಾಟೀಲ ಸಾಹೇಬ್ರು ನಿಮ್ಮನ್ನ ನಗಸಾಕ ನನ್ನ ಕರಿಸ್ಯಾರ. ಎರಡ ಮಿನಿಟು ನಿಂದರಲೇನ್ರಿ?" ಮನೆಯವರ ಅತಿಥಿಯಾದಿರಿ, ಇವರೂ ಅತಿಥಿಗಳು, ಮಾತು ಸಮವಾಯಿತು. ಬೆಳಗಾವಿಯಲ್ಲಿ ಆ ಮೊದಲ ನಮಸ್ಕಾರಕ್ಕೆ ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂದು ಕಿವಿಗೊಡಬೇಕು. ಮರಾಠಿಯಲ್ಲಿ ಬಂದರೆ ಮರಾಠಿಗೆ ಹೊರಳಿ, ಉರ್ದುವಾದರೆ ಹಿಂದಿ-ಉರ್ದುವಿಗೆ. ಇದಕ್ಕೆ ಪಂಡಿತರಾಗಬೇಕಿಲ್ಲ. ನಿಮ್ಮ ಸರಣಿಗೆ ನಿಜವಾಗಿ ಬೇಕಾಗುವುದು ಹನ್ನೆರಡು ವಾಕ್ಯ: ಕೈ ಚಾಚಿ, ಗಟ್ಟಿಯಾಗಿ ಹಿಡಿಯಿರಿ, ಒಂದನ್ನು ಆರಿಸಿ, ನನಗೆ ತೋರಿಸಬೇಡಿ, ಇಂಥವು. ಮೂರು ಭಾಷೆಯಲ್ಲೂ ಬರೆದುಕೊಂಡು, ಆ ಭಾಷೆಯವರಿಂದ ತಿದ್ದಿಸಿ, ಬಾಯಿಪಾಠ ಮಾಡಿ.

ಎಲ್ಲರ ಕೈಯನ್ನೂ ಹಿಡಿಯಬೇಡಿ. ಹೆಣ್ಣುಮಕ್ಕಳಿಗೆ "ಅಕ್ಕಾರ, ಕೈ ಹಿಂಗ ಹಿಡೀರಿ" ಅಂತ ನಿಮ್ಮ ಕೈಯನ್ನೇ ಚಾಚಿ ತೋರಿಸಿ, ಚೆಂಡನ್ನು ಮೇಲಿನಿಂದ ಬಿಡಿ. ಅವರು ಹಿಂಜರಿದರೆ ಪಕ್ಕದ ಮಗುವಿನ ಕೈಗೆ ಕೊಡಿ. ಟೇಬಲ್ಲಿನಲ್ಲಿ ಗಂಭೀರ ಮಾತು ನಡೆದಿದ್ದರೆ, ಆಸ್ತಿಯದೋ ಇನ್ನೊಂದು ಲಗ್ನದ್ದೋ, ತಲೆಗಳು ಹತ್ತಿರ ಬಾಗಿರುತ್ತವೆ, ದೂರದಿಂದಲೇ ಗೊತ್ತಾಗುತ್ತದೆ. ಅಲ್ಲಿಗೆ ಹೋಗದೇ ಇರುವುದೂ ಕೆಲಸದ ಭಾಗವೇ.

"ನನಗ ಗೊತ್ತೈತಿ ಇದು" ಅನ್ನುವವರು ಹತ್ತು ಟೇಬಲ್ಲಿಗೆ ಮೂವರಾದರೂ ಸಿಗುತ್ತಾರೆ. ವಾದಕ್ಕೆ ಇಳಿಯಬೇಡಿ, ಅವರಿಗೆ ಕೆಲಸ ಕೊಡಿ: ಕಟ್ಟು ಹಿಡಿಯಲಿ, ಸಹಿ ಹಾಕಲಿ. ಕೈಯಲ್ಲಿ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ. ಇದಕ್ಕಿಂತ ಕಷ್ಟ ಹುಡುಗರ ದಂಡು. ಮೂರನೆಯ ಟೇಬಲ್ಲಿನ ಹೊತ್ತಿಗೆ ಹತ್ತು ಹುಡುಗರು ಬೆನ್ನು ಹತ್ತಿರುತ್ತಾರೆ, ಮುಂದೇನಾಗುತ್ತದೆ ಎಂದು ಕೂಗಿ ಹೇಳುತ್ತಾರೆ, ಕಿಸೆಗೆ ಕೈಯನ್ನೂ ಹಾಕುತ್ತಾರೆ. ಗದರಿದರೆ ಅವರ ತಾಯಂದಿರು ನೋಡುತ್ತಿರುತ್ತಾರೆ. ಒಪ್ಪಂದದಲ್ಲೇ ಕೊನೆಯ ಹತ್ತು ನಿಮಿಷ ಮಕ್ಕಳಿಗೆ ಎಂದು ಬರೆಸಿ, "ಎಂಟೂ ಇಪ್ಪತ್ತಕ್ಕ ವೇದಿಕೆ ಮುಂದ ನಿಮಗಂತನ ಬ್ಯಾರೆ ಆಟ ಐತಿ, ಜಾಗಾ ಹಿಡೀರಿ" ಅನ್ನಿ. ಅರ್ಧ ಮಂದಿ ಆಗಲೇ ಓಡುತ್ತಾರೆ. ಈ ಮಾತಿಗೆ ತಪ್ಪಬೇಡಿ.

ಆಟ ಕೆಟ್ಟಾಗ, ಎಲೆ ಬಿತ್ತು, ನಾಣ್ಯ ಜಾರಿ ಟೇಬಲ್ಲಿನ ಕೆಳಗೆ ಉರುಳಿತು ಎಂದರೆ, ಬಗ್ಗಿ ಹುಡುಕುವ ಬದಲು ಚೆಂಡಿನ ಆಟಕ್ಕೆ ದಾಟಿ. ನಾಣ್ಯವನ್ನು ಆಮೇಲೆ ಹುಡುಕಿಕೊಳ್ಳಬಹುದು. ನೋಡುವವರಿಗೆ ಏನಾಗಬೇಕಿತ್ತು ಎಂದು ಗೊತ್ತಿಲ್ಲವಲ್ಲ. ಇನ್ನೊಂದು ಸಂಗತಿಗೂ ತಯಾರಿರಿ: ಒಬ್ಬರು ಬದಿಗೆ ಕರೆದು, ಮನೆಯಲ್ಲಿ ಕಳೆದ ಬಂಗಾರ ಎಲ್ಲಿದೆ ಹೇಳ್ತೀರೇನು ಎಂದು ಕೇಳಬಹುದು. ನಗಬೇಡಿ, ಒಗಟಾಗಿಯೂ ಮಾತಾಡಬೇಡಿ. ಇದು ಕೈಚಳಕ, ಮಂತ್ರ ಅಲ್ಲ, ನನಗೆ ಅದು ಬರುವುದಿಲ್ಲ ಎಂದು ನೇರವಾಗಿ ಹೇಳಿ. ಬಕ್ಷೀಸಿನ 100 ರೂಪಾಯಿಯನ್ನು ಅಜ್ಜಿ ತಲೆಯ ಮೇಲೆ ಕೈಯಿಟ್ಟು ಕೊಟ್ಟರೆ ತೆಗೆದುಕೊಳ್ಳಿ, ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಆದರೆ ಆಟ ಮುಗಿದ ಮೇಲೆ ಟೇಬಲ್ಲಿನ ಹತ್ತಿರ ಕೈ ಕಟ್ಟಿ ನಿಲ್ಲಬೇಡಿ. ನಿಮಗೆ ಯಜಮಾನರು ದುಡ್ಡು ಕೊಟ್ಟಾಗಿದೆ. ಹೆಸರಿನ ಚೀಟಿಯನ್ನೂ ಕೇಳಿದವರಿಗೆ ಮಾತ್ರ ಕೊಡಿ.

ಟೇಬಲ್ ಬಿಡುವ ರೀತಿಯನ್ನೂ ಸಾಧನೆ ಮಾಡಬೇಕು. ಎಷ್ಟೋ ಜನ ಕೊನೆಯ ಆಟ ಮುಗಿದ ಮೇಲೆ "ಇನ್ನೊಂದು, ಇನ್ನೊಂದು" ಕೂಗಿಗೆ ಸೋತು ನಾಲ್ಕನೆಯದಕ್ಕೆ ಇಳಿಯುತ್ತಾರೆ. ಏಳು ನಿಮಿಷ ಹನ್ನೆರಡಾಗುತ್ತದೆ, ಹತ್ತು ಟೇಬಲ್ಲು ಆರಾಗುತ್ತದೆ. ಚೆಂಡು ಅವರ ಕೈಯಲ್ಲಿ ಎರಡಾದ ಕ್ಷಣ ನಗುತ್ತ ಚೆಂಡು ಮರಳಿ ತೆಗೆದುಕೊಂಡು, "ಊಟ ಚಲೋ ಮಾಡ್ರಿ" ಎಂದು ನಮಸ್ಕಾರ ಮಾಡಿ, ಆಗಲೇ ಅರ್ಧ ತಿರುಗಿರಿ. ಚೆಂಡನ್ನು ಮರೆತರೆ ಮುಂದಿನ ಟೇಬಲ್ಲಿನ ಆಟವನ್ನೇ ಮರೆತ ಹಾಗೆ, ಅದಕ್ಕೇ ಚೀಲದಲ್ಲಿ ನಾಲ್ಕು ಚೆಂಡಿನ ಇನ್ನೊಂದು ಜೊತೆ ಇರಲಿ.

ಎಲ್ಲ ಮುಗಿದ ಮೇಲೆ ಹಾಲಿನಿಂದ ಹೊರಡುವ ಮೊದಲು, ಬೆಳಕಿರುವ ಕಡೆ ಕೂತು ಕಿಸೆಗಳನ್ನು ಖಾಲಿ ಮಾಡಿ ಎಣಿಸಿ: ಎರಡು ಕಟ್ಟಿನಲ್ಲಿ ಉಳಿದ ಎಲೆ, ನಾಣ್ಯ, ಚೆಂಡು, ಪೆನ್ನು. ಯಾವ ಟೇಬಲ್ಲಿಗೆ ಎಷ್ಟು ನಿಮಿಷವಾಯಿತು, ಯಾವ ಕಿಸೆ ತಪ್ಪಿತು ಎಂದು ಅಲ್ಲೇ ಒಂದು ಚೀಟಿಯಲ್ಲಿ ಬರೆಯಿರಿ, ಮರುದಿನಕ್ಕೆ ನೆನಪಿರುವುದಿಲ್ಲ. ಬಡಿಸುವ ಹುಡುಗರಿಗೆ ಒಂದು ಬ್ಯಾಂಡಿನ ಆಟ ತೋರಿಸಿ ಬನ್ನಿ. ಇಡೀ ಸಂಜೆ ತಟ್ಟೆ ಹಿಡಿದು ಓಡಾಡಿದವರು, ನಿಮ್ಮ ಆಟವನ್ನು ಒಂದೂ ಪೂರ್ತಿ ನೋಡಿರುವುದಿಲ್ಲ.